ಸೊನ್ನೆ

ಮೊದಲು ಸೊನ್ನೆ ಬೇಕು.
ಅದಿಲ್ಲದೆ ಅಳತೆಯಿಲ್ಲ ಎನ್ನುತ್ತದೆ
ಕೈಪಿಡಿಯ ನಾಲ್ಕನೇ ಪುಟ:
ವಿಷವಿಲ್ಲದ ನೆತ್ತರು, ಎರಡು ಮಿಲಿಲೀಟರ್.

ಮಾರ್ಟಿನಿಕ್ ದ್ವೀಪ, ಲಾಮಾಂತೆನ್ ಪಟ್ಟಣ,
ಔಷಧಿ ಅಂಗಡಿಯ ಮೇಲಿನ ಪರೀಕ್ಷಾಲಯ.
ತಟ್ಟೆಯಲ್ಲಿ ನಲವತ್ತು ಸೀಸೆ,
ಹೆಸರಿಲ್ಲ, ಸಂಖ್ಯೆ ಮಾತ್ರ.
ಆದರೂ ಇಪ್ಪತ್ತೇಳು ಯಾರೆಂದು ನನಗೆ ಗೊತ್ತು:
ತೋಳು ಚಾಚಿ, ಮುಖ ಆಚೆ ತಿರುಗಿಸಿ,
‘ಬೇಗ ಮುಗಿಸು ಮಗಳೇ, ಬಸ್ಸು ತಪ್ಪುತ್ತೆ’ ಎಂದವಳು,
ಬಾಸ್-ಪ್ವಾಂತಿನ ಮಾದಾಮ್ ಎಫ್ರಾಸಿ.
ಹನ್ನೆರಡು ವರ್ಷ ಬಾಳೆಯ ಬುಡಕ್ಕೆ
ಬರಿಗೈಯಲ್ಲಿ ಬಿಳಿ ಪುಡಿ ಉದುರಿಸಿದವಳು.
ಉಪ್ಪು ಹಾಕಿದ ಹಾಗೆ, ಎಂದಿದ್ದಳು,
ರುಚಿಗೆ ತಕ್ಕಷ್ಟು.

ಗಿರಗಿರ ತಿರುಗಿಸಿದರೆ
ಕೆಂಪು ತಳಕ್ಕಿಳಿದು ಕೂರುತ್ತದೆ,
ಮೇಲೆ ಒಣಹುಲ್ಲಿನ ಬಣ್ಣದ ತಿಳಿ.
ತಿಳಿಗೆ ದ್ರಾವಕ ಹೊಯ್ದು, ಕುಲುಕಿ, ಆರಿಸಿ
ಯಂತ್ರದ ಬಾಯಿಗೆ ನಾನು ಬಿಡುವುದು
ಸೊಳ್ಳೆ ಹೀರುವುದಕ್ಕಿಂತ ಕಡಿಮೆ.

ಒಳಗೆ ಕಾದ ಒಲೆ. ಒಲೆಯಲ್ಲಿ
ಕೂದಲಷ್ಟು ಸಪೂರದ ಗಾಜಿನ ಕೊಳವೆ, ಮೂವತ್ತು ಮೀಟರು,
ಗೊನೆ ಹೊರುವವರ ತಲೆಯ ಸಿಂಬೆಯಂತೆ ಸುತ್ತಿದ್ದು.
ಹಿಂದಿನಿಂದ ಹೀಲಿಯಂ ದಬ್ಬುತ್ತದೆ.
ಕೆಲವು ಓಡುತ್ತವೆ. ಕೆಲವು
ದಾರಿಯ ಪ್ರತಿ ಜಗಲಿಯಲ್ಲೂ ಕೂತು
ಕಷ್ಟಸುಖ ಮಾತಾಡಿ ಎದ್ದು ಬರುತ್ತವೆ.
ಎಷ್ಟು ತಡವಾಗಿ ಬಂದರೋ
ಅದೇ ಅವರ ಹೆಸರು.

ನಮ್ಮದು ಬರುವುದು ಹದಿನಾಲ್ಕನೇ ನಿಮಿಷಕ್ಕೆ.

ಇಪ್ಪತ್ತೇಳರ ಗೆರೆ ಎದ್ದಿತು.
ಪೆಲೆ ಬೆಟ್ಟದ ಹಾಗೆ, ಎನ್ನಬಹುದಿತ್ತು.
ಬೆಟ್ಟಕ್ಕಾದರೋ ಮೋಡ ಮುಸುಕು ಹಾಕುತ್ತದೆ.

ಸೊನ್ನೆಗೆಂದು ಪ್ಯಾರಿಸ್ಸಿನಿಂದ ಹೊರಟ ಕರುವಿನ ಸೀರಮ್
ಆ ವಾರ ಬಂದರಿನ ಮುಷ್ಕರದಲ್ಲಿ ಸಿಕ್ಕಿಬಿದ್ದಿತ್ತು.
‘ನನ್ನದು ತಗೊಳ್ಳಿ’ ಎಂದೆ.
ಪುಡಿ ನಿಷೇಧವಾದ ಮೇಲೆ ಹುಟ್ಟಿದವಳು ನಾನು,
ಅಂಚೆಯವನ ಮಗಳು, ಪೇಟೆಯವಳು,
ಬಾಳೆಯ ಬುಡ ಮುಟ್ಟಿಲ್ಲ.
ಹದಿನಾಲ್ಕನೇ ನಿಮಿಷಕ್ಕೆ
ಗೆರೆ ತುಸುವೇ ಬೆನ್ನು ಬಾಗಿಸಿ ಎದ್ದಿತು,
ನಿದ್ದೆಯಲ್ಲಿ ಮಗ್ಗುಲಾದ ಬೆಕ್ಕಿನಂತೆ.

‘ಯಂತ್ರ ಕೊಳೆಯಾಗಿದೆ’ ಎಂದರು ತೆಲೆಮಾಕ್.
ತೊಳೆದೆವು. ಮತ್ತೆ ಹಾಕಿದೆವು.
ಆಮೇಲೆ ಅವರೇ ಅಂಗಿಯ ತೋಳು ಮಡಚಿದರು.
ಆಮೇಲೆ ಕಸ ಗುಡಿಸುವ ಓನೊರಿನ್.
ಅಜ್ಜಿಯ ಸಾರು, ಹಿತ್ತಿಲ ಗೆಣಸು,
ಭಾನುವಾರದ ಏಡಿ:
ಏನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕೊನೆಗೆ ಬ್ರಿಟನಿಯಿಂದ ಬಂದ ತರಬೇತಿಯ ಹುಡುಗ,
ಬಂದು ಒಂಬತ್ತು ದಿನ, ಮೂಗಿನ ಸಿಪ್ಪೆ ಸುಲಿಯುತ್ತಿತ್ತು.
ಅವನ ಗೆರೆ ಮಲಗಿದ್ದು ಮಲಗಿಯೇ ಇತ್ತು.
ಇಡೀ ಕಟ್ಟಡಕ್ಕೆ ಅವನೊಬ್ಬನೇ ಸೊನ್ನೆ.
‘ನಮ್ಮ ಹೋಟೆಲಲ್ಲಿ ಮಾತ್ರ ಉಣ್ಣಬೇಡಪ್ಪ’
ಎಂದರು ತೆಲೆಮಾಕ್. ನಕ್ಕೆವು.
ಅವನು ನಗಲಿಲ್ಲ, ಹತ್ತಿ ಒತ್ತಿಕೊಂಡು ಕೂತಿದ್ದ.

ಶುಕ್ರವಾರ ಮಾದಾಮ್ ಎಫ್ರಾಸಿಯ ಫೋನು.
‘ಎಷ್ಟು ಬಂತು?’
ಹೇಳಬಾರದಿತ್ತು, ವೈದ್ಯರು ಹೇಳಬೇಕಾದ್ದು. ಹೇಳಿದೆ.
‘ಅದು ಜಾಸ್ತಿಯೋ, ಕಡಿಮೆಯೋ?’
ಯಾರ ಪಕ್ಕದಲ್ಲಿಟ್ಟು, ಎಂದು
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.
ಆ ಬದಿಯಲ್ಲಿ ಕೋಳಿ ಕೂಗುತ್ತಿತ್ತು.
‘ಹೋಗಲಿ ಬಿಡು. ಈ ಸಲ ಕೆಸುವಿನ ಗಡ್ಡೆ
ಚೆನ್ನಾಗಿ ಇಳಿದಿದೆ, ಎರಡು ಕಳಿಸಲೇನು?’

ಕಳಿಸಿ, ಎಂದೆ.
ಪರೀಕ್ಷೆಗೆ, ಎನ್ನಲಿಲ್ಲ.