ನೀರಿನ ಗೂಡಂಗಡಿ

ಉಲಾನ್‌ಬಾತರಿನ ಬಡಗಣ ಗುಡ್ಡದ ಮೇಲೆ
ನಾನು ನೀರು ಮಾರುವವಳು.
ನನ್ನ ಕಿಟಕಿ ಗಿಡ್ಡ. ಮುಖ ಕಾಣುವುದಿಲ್ಲ,
ಕೈಗಳು ಕಾಣುತ್ತವೆ:
ಗವುಸು ಹರಿದ ಕೈ, ಮುದುರಿದ ನೋಟಿನ ಕೈ.
ತುವ್‌ಶಿನ್‌ನ ಗುರುತೂ ಹಾಗೆಯೇ,
ಹೆಬ್ಬೆರಳ ಉಗುರಿನ ಸುತ್ತ ಕಚ್ಚಿ ಕಚ್ಚಿ ಕೆಂಪು.

ಹದಿನೈದು ವರ್ಷ. ಮೊದಲೆಲ್ಲ ಮೂರು ಕ್ಯಾನು ಒಯ್ಯುತ್ತಿದ್ದ,
ತಳ್ಳುಗಾಡಿಯ ಗಾಲಿಗೂ ಕಲಿಸುವವನಂತೆ ಶಿಳ್ಳೆ ಹಾಕುತ್ತ.
ನವೆಂಬರಿನಲ್ಲಿ ಎರಡಾಯಿತು. ಆಮೇಲೆ ಒಂದು.
ಆಮೇಲೆ ಅಂಗಡಿ ಮುಚ್ಚುವ ಹೊತ್ತಿಗೆ, ಯಾರೂ ಇಲ್ಲದಾಗ,
ಅರ್ಧ ಕ್ಯಾನು.
"ಮನೆಯಲ್ಲಿ ಎಷ್ಟು ಜನ?" ಅಂದೆ.
"ಅಷ್ಟೇ ಜನ," ಅಂದ.

ನಾನು ಓದಿದವಳಲ್ಲ; ಲೀಟರಿನ ಲೆಕ್ಕ ಗೊತ್ತು.
ಅವನ ತರಗತಿಯ ಅನುಜಿನ್ ಬಂದಾಗ
ನಲ್ಲಿ ತಿರುಗಿಸುವುದನ್ನು ಬೇಕೆಂದೇ ತಡಮಾಡಿ ಹೇಳಿದೆ:
ಆ ಹುಡುಗನ ಗಾಡಿ ಏರಿನಲ್ಲಿ ಜಾರುತ್ತದೆ, ಕಣಮ್ಮ.
ಅಷ್ಟೇ. ಹೆಚ್ಚು ಹೇಳಲು ಹೆದರಿಕೆ.
(ನನ್ನ ತಮ್ಮನಿಗಾಗಿ ಅಷ್ಟನ್ನೂ
ಯಾರಿಗೂ ಹೇಳಿರಲಿಲ್ಲ.)

ಮರುದಿನ ಅವಳು ಅವನನ್ನು ಏನೂ ಕೇಳಲಿಲ್ಲ.
ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ, ಕಲ್ಲಿದ್ದಲ ಹೊಗೆಯೊಳಗೆ,
ಗಾಡಿಯ ಹಿಂಬದಿಗೆ ಭುಜ ಕೊಟ್ಟು ತಳ್ಳಿದಳು,
ಗಣಿತದ ಮೇಷ್ಟರ ಹೊಸ ಟೋಪಿಯನ್ನು ಬೈಯುತ್ತ.
ಮುಂದಿನ ವಾರ ಅವಳ ಅಣ್ಣನೂ ಬಂದ. ಆಮೇಲೆ
ಕುಸ್ತಿಯ ಹುಚ್ಚಿನ ಆ ದಢೂತಿ ಜಾರ್ಗಲ್,
ಬಿಸಿ ಮಾಂಸದ ಕಡುಬು ಜೇಬಿನಲ್ಲಿಟ್ಟುಕೊಂಡು.

ವಾಸಿಯಾಯಿತೇ ಎಂದು ಕೇಳಬೇಡಿ.
ಕೆಲವು ದಿನ ಅವನು ಬರುವುದೇ ಇಲ್ಲ;
ಆಗ ಅವನ ಬೇಲಿಯ ಹೊರಗೆ ಕ್ಯಾನು ಇಟ್ಟು
ನಾಯಿ ಬೊಗಳುವವರೆಗೆ ನಿಲ್ಲುತ್ತಾರೆ,
ಒಳಗೆ ದೀಪ ಹೊತ್ತಿದ ಮೇಲೆ ಹೊರಡುತ್ತಾರೆ.
ಶಾಲೆಯ ಆಪ್ತಸಮಾಲೋಚಕಿಯ ಬಳಿಗೂ ಒಮ್ಮೆ ಹೋದನಂತೆ;
ಮೂವರೂ ಹೊರಗಿನ ಬೆಂಚಿನಲ್ಲಿ
ಕಿತ್ತಾಡುತ್ತ ಕಾದರಂತೆ.

ನಿನ್ನೆ ಸಂಜೆ ಕಿಟಕಿಗೆ ಹಿಮ ಕಟ್ಟಿತ್ತು.
ಒಳಗಿನಿಂದ ನಾನು ಚಮಚದಲ್ಲಿ ಕೆರೆಯುತ್ತಿದ್ದೆ,
ಹೊರಗಿನಿಂದಲೂ ಯಾರೋ ಕೆರೆಯುವ ಸದ್ದು.
ತೂತು ದೊಡ್ಡದಾಯಿತು. ಯಾರೋ ಬಗ್ಗಿದರು.
ಮೊದಲು ಮೂಗು, ಆಮೇಲೆ ಒಂದು ಕಣ್ಣು.
"ಎರಡು ಕ್ಯಾನು," ಅಂದಿತು ಕಣ್ಣು.
"ಅಕ್ಕಾ, ಇಡೀ ದಿನ ಒಬ್ಬರೇ ಕೂತಿರುತ್ತೀರಲ್ಲ,
ಚಳಿಯಾಗುವುದಿಲ್ಲವಾ?"