ಎಡ, ಬಲ

ಚೀಟಿ ಎತ್ತಿದ ದುಡ್ಡು ಹನ್ನೊಂದು ಸಾವಿರ.
ಬಾಡಿಗೆ, ಗ್ಯಾಸು ಕಳೆದು ಉಳಿದದ್ದು ಏಳು.

ನಜೀರ್ ಸಾಬರ ಅಂಗಡಿಯ ಆಂಪ್ಲಿಫೈಯರ್
ಯಾವುದೋ ಛತ್ರದಿಂದ ನಿವೃತ್ತಿಯಾದದ್ದು.
ಒಂದು ಗುಂಡಿ ಇಲ್ಲ, ಇಕ್ಕಳ ಹಾಕಿ ತಿರುಗಿಸಬೇಕು.
"ಮೂರೂವರೆ ಕೊಡಿ ಮೇಡಂ. ಬಿಸಿಯಾದ್ರೆ ಹೆದರ್ಬೇಡಿ,
ಅದರ ಸ್ವಭಾವ."

ಸ್ಪೀಕರ್ ಮಾತ್ರ ಹೊಸವು. ಚೌಕಾಶಿ ಮಾಡಲಿಲ್ಲ.
ಪೆಟ್ಟಿಗೆಗೆ ಶೇಷಪ್ಪಾಚಾರಿ
ಯಾರದೋ ಬೀರುವಿನಲ್ಲಿ ಮಿಕ್ಕ ಪ್ಲೈವುಡ್ ತಂದ.
ಒಳಗೆ ನನ್ನ ಹಳೇ ದಿಂಬಿನ ಹತ್ತಿ.
ಒಂದರ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಇನ್ನೂ ಇದೆ:
ಮಾಸ್ಟರ್ ಬೆಡ್ರೂಂ.

ದುರ್ಗಿಗುಡಿಯಲ್ಲಿ ನನಗಿರುವುದು ಒಂದೇ ಕೋಣೆ.
ಸಾಗರದ ಕೊನೇ ಟ್ರಿಪ್ ಮುಗಿಸಿ ಬಂದು
ಖಾಕಿ ಬಿಚ್ಚದೆ ನೆಲಕ್ಕೆ ಕೂತು ತಂತಿ ಸಿಕ್ಕಿಸಿದೆ,
ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ.

ಎಡಕ್ಕೆ ಮೃದಂಗ. ಬಲಕ್ಕೆ ಪಿಟೀಲು.
ನಡುವೆ, ಸಿಲಿಂಡರಿನ ತಲೆಯ ಮೇಲೆ,
ಹಾಡುವವಳು.
ಅಲ್ಲಿ ಏನೂ ಇಲ್ಲ. ಎದ್ದು ಹೋಗಿ ಮುಟ್ಟಿ ನೋಡಿದೆ.

ಹಗಲಿಡೀ ಎಂಬತ್ತು ಜನರ ಗದ್ದಲವನ್ನು
ಒಂದೇ ಮುದ್ದೆಯಾಗಿ ನುಂಗಿದ ಕಿವಿ
ಈಗ ಒಬ್ಬೊಬ್ಬರಿಗೂ ಸೀಟು ಕೊಟ್ಟು ಕೂರಿಸಿತು.

ಭಾನುವಾರ ಶೇಷಪ್ಪ ಕೇಳಲು ಬಂದ.
ಕುರ್ಚಿಯನ್ನು ಸರಿಯಾಗಿ ನಡುವಿಗೆ ಎಳೆದು ಕೂರಿಸಿದೆ.
ಅವನ ಎಡಗಿವಿಯನ್ನು ಸಾಮಿಲ್ಲು ತಿಂದು
ಇಪ್ಪತ್ತು ವರ್ಷ. ಮರೆತೇ ಬಿಟ್ಟಿದ್ದೆ.

ಸ್ವಲ್ಪ ಹೊತ್ತು ಕೂತ. ಎದ್ದ.
ಎಡ ಪೆಟ್ಟಿಗೆಯ ನೆತ್ತಿಗೆ ಅಂಗೈ ಇಟ್ಟ,
ಮಗುವಿಗೆ ಜ್ವರ ನೋಡುವ ಹಾಗೆ.
"ಮೃದಂಗ ಇದರೊಳಗಾ?"
ಹೂಂ ಅಂದೆ.
"ಜಾಯಿಂಟು ಗಟ್ಟಿ ಇದೆ" ಅಂದ.

ಚಹಾ ಆರಿತು.
ಕೈ ತೆಗೆಯಲಿಲ್ಲ.