ಇರಲಿ, ಹೋಗಲಿ

ಹರಿದ ರೆಟಿನಾಕ್ಕೆ ಹೊಲಿಗೆ ಹಾಕೋದಿಲ್ಲವಂತೆ,
ಕಣ್ಣೊಳಗೆ ಒಂದು ಗಾಳಿಗುಳ್ಳೆ ಇಟ್ಟು ಕಳಿಸಿದ್ದಾರೆ.
ಅದು ಕರಗುವ ತನಕ, ಹತ್ತು ದಿನ,
ಮುಖ ಕೆಳಗೆ, ಮುಖ ಕೆಳಗೆ ಎಂದರು ಡಾಕ್ಟರಮ್ಮ
ತುಂಟ ಹುಡುಗನಿಗೆ ಹೇಳುವಂತೆ ಎರಡು ಸಲ.

ಮೂವತ್ತೊಂದು ವರ್ಷ ಕ್ಲೈಪೆಡಾ ಬಂದರಿನಲ್ಲಿ
ಕ್ರೇನಿನ ನೆತ್ತಿಗೆ, ಗಾಜಿನ ನೆಲದ ಪೆಟ್ಟಿಗೆಯಲ್ಲಿ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಳಗೇ ನೋಡಿದವನು ಆಲ್ಬಿನಾಸ್.
ಈಗ ಗಾಳಿ ಬಿಟ್ಟುಕೊಂಡು
ಅಡುಗೆಮನೆ ಮೇಜಿನಂಚಿಗೆ ಹಣೆಯಿಟ್ಟು
ನೆಲಹಾಸು ನೋಡುತ್ತಾನೆ,
ಇಳಿಸಬೇಕಾದ ಸರಕು ಅಲ್ಲೆಲ್ಲೋ ಇದೆಯೆಂಬಂತೆ.

ಬೇಸರ ಕಳೆಯಲೆಂದು ನಾನೇ ಹೇಳಿದ್ದು:
ಹಾರ್ಡ್ ಡಿಸ್ಕ್ ತುಂಬಿ ಗೊರಕೆ ಹೊಡೀತಿದೆ,
ಫೋಟೋ ಕಳೆ ಕೀಳೋಣ. ನಾನು ನೋಡಿ ಹೇಳ್ತೀನಿ,
ನೀನು ಇರಲಿ ಅನ್ನು, ಇಲ್ಲ ಹೋಗಲಿ ಅನ್ನು.

ನಲವತ್ತೊಂದು ಸಾವಿರದ ಮುನ್ನೂರ ಆರು.
ಪಾಳಿಗೆ ಮುಂಚೆ ಒಂದು, ಮುಗಿದ ಮೇಲೊಂದು,
ನಡುವೆ ಮಂಜು ಕವಿದು ಕೆಲಸ ನಿಂತರೆ ಲೆಕ್ಕವಿಲ್ಲ.

ಸಮುದ್ರ, ಅಂದೆ.
ಎಂಥ ಸಮುದ್ರ?
ಬೂದಿ.
ಒಲೆ ಬೂದಿಯೋ, ಸಿಗರೇಟಿನದೋ?
ಒಲೇದು.
ಹೋಗಲಿ.
ಸಮುದ್ರ. ಬಲಗಡೆ ಹಡಗಿನ ಬಾಲ, ತುಕ್ಕು ಬಣ್ಣ.
ಇರಲಿ, ಅದು ರಸಗೊಬ್ಬರದ್ದು,
ಆ ವರ್ಷವೇ ಅದನ್ನ ಗುಜರಿಗೆ ಎಳೆದುಕೊಂಡು ಹೋದರು.

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ:
ಅಷ್ಟರಲ್ಲಿ ನಾನು ಇರುವುದು ನಾಲ್ಕೇ ನಾಲ್ಕು,
ಮೂರರಲ್ಲಿ ಕಣ್ಣು ಮುಚ್ಚಿದ್ದೇನೆ.
ಅವನನ್ನು ಕೇಳದೆ ಎರಡನ್ನು ಅಳಿಸಿದೆ.
ಏನು ಬಂತು ಅಂದ. ಸಮುದ್ರ ಅಂದೆ.

ಒಂದೇ ಥರದವನ್ನು ಹೆಕ್ಕಿ ಕೊಡುವ ತಂತ್ರಾಂಶವನ್ನು
ತಂಗಿಯ ಮಗ ಹಾಕಿಕೊಟ್ಟಿದ್ದ.
ಒಂಬತ್ತು ಸಾವಿರ ಬೆಳಗುಗಳನ್ನು ಅದು ಒಂದೇ ಬೆಳಗು ಅಂದಿತು.
ಮೊದಮೊದಲು ನನಗೂ ಹಾಗೇ ಕಂಡಿತ್ತು;
ಮೂರನೇ ದಿನದ ಹೊತ್ತಿಗೆ
ಆಚೆ ದಂಡೆಯ ಪೈನ್ ಮರಗಳ ಗೆರೆ ನೋಡಿಯೇ
ತಿಂಗಳು ಹೇಳುತ್ತಿದ್ದೆ.

ಗಾಜಿನ ನೆರಳು ಬಿದ್ದಿದ್ದರೆ ಕೇಳಲೇಬೇಡ, ಅಂದಿದ್ದ,
ಅದು ಕೆಟ್ಟದ್ದೇ. ನೇರ ಅಳಿಸು.
ಅಳಿಸುತ್ತಲೇ ಬಂದೆ: ಥರ್ಮಾಸಿನ ಮುಚ್ಚಳ, ದೀಪದ ಚುಕ್ಕೆ,
ಅವನದೇ ಅರ್ಧ ಕಿವಿ.
ಆಮೇಲೆ ಒಂದು ಫೆಬ್ರವರಿ. ತೇಲುವ ಮಂಜುಗಡ್ಡೆಗಳ ಮೇಲೆ,
ಗಾಜಿನೊಳಗೆ,
ಸೇಬು ಕಚ್ಚುತ್ತ ನಿಂತಿದ್ದಾನೆ ಜಿಗ್ಮಾಸ್.

ರಾತ್ರಿ ಪಾಳಿ ಮುಗಿಸಿ ಕುರ್ಚಿ ಬಿಟ್ಟುಕೊಡುತ್ತಿದ್ದವನು.
ಮುಷ್ಕರದ ವರ್ಷ ಅವನು ಗೇಟಿನಾಚೆ ನಿಂತ, ಇವನು ಕ್ರೇನ್ ಹತ್ತಿದ.
ನಮ್ಮ ಮನೆಸಾಲ ಆಗಿನ್ನೂ ಹಸಿ.
ಆಮೇಲೆ ಮಾತಿಲ್ಲ. ಅವನ ಮಣ್ಣಿಗೂ ಇವನು ಹೋಗಲಿಲ್ಲ;
ನಾನು ಹೋಗಿ ಬಂದೆ, ಮಾರ್ಕೆಟ್ಟಿಗೆ ಹೋಗಿದ್ದೆ ಅಂದೆ,
ಸಾಕ್ಷಿಗೆ ಹೊಗೆ ಹಾಕಿದ ಮೀನು ತೋರಿಸಿದೆ.

ಹುಡುಕಿದೆ. ಇನ್ನೂ ಇದ್ದಾನೆ:
ಕೈಗವಸು ಹಲ್ಲಲ್ಲಿ ಕಚ್ಚಿ ಜಿಪ್ ಎಳೆಯುತ್ತ,
ಬೆನ್ನು ಮಾತ್ರ, ಟೋಪಿ ಮಾತ್ರ,
ಒಂದರಲ್ಲಿ ಬಾಯಿ ತೆರೆದು (ಹಾಡೋ ಬೈಗುಳವೋ),
ಅವನ ಎದೆಯ ಮೂಲಕ
ಸ್ವೀಡನ್ನಿಗೆ ಹೋಗುವ ಹಡಗು ಹಾಯುತ್ತಿದೆ.
ಕ್ಯಾಮೆರಾ ಕಂಡರೆ ಬೆನ್ನು ತಿರುಗಿಸುತ್ತಿದ್ದ ಮನುಷ್ಯ.
ಅವನ ಹೆಂಡತಿಯ ಬಳಿ ಪಾಸ್‌ಪೋರ್ಟಿನದ್ದು ಬಿಟ್ಟರೆ ಒಂದೂ ಇಲ್ಲ.

ಯಾಕೆ ಸುಮ್ಮನಾದೆ, ನೆಲವನ್ನು ಕೇಳಿದ ಆಲ್ಬಿನಾಸ್.
ಗಾಜು, ಅಂದೆ.
ಗಾಜಿನಲ್ಲಿ ಏನು?
ಸೇಬು, ಅಂದೆ.

ಫ್ರಿಜ್ಜು ಗುಂಯ್ಗುಟ್ಟಿ ನಿಂತಿತು.
ಅವನ ಕುತ್ತಿಗೆಯ ಹಿಂದಿನ ಕೂದಲು ಬೆಳೆದಿದೆ,
ಕತ್ತರಿಸಬೇಕು ಅಂದುಕೊಂಡೆ.
ಬಹಳ ಹೊತ್ತಿನ ಮೇಲೆ, ಹೋಗಲಿ, ಅಂದ.
ಮತ್ತೆ, ಮೆಲ್ಲಗೆ, ಹೋಗಲಿ ಬಿಡು.

ಯಾವ ಹೋಗಲಿ? ಮುಖ ಕೆಳಗಿದೆ.
ಗಾಜು ಅಂತ ಒಂದು ಫೋಲ್ಡರ್ ಮಾಡಿದೆ. ಹದಿನೇಳು.

ಮುಂದಿನದು?
ಸಮುದ್ರ.
ಎಂಥದು?
ತಡಿ, ನೋಡ್ತಿದೀನಿ.